ಅಜ್ಜಿಗೆ ಇಟ್ಟ ನಾಟ್ಟೊ

ಮಿತೊ, ಸೆಪ್ಟೆಂಬರ್ ಮೊದಲ ವಾರ

ಪ್ರೀತಿಯ ಮಗಳು ಮಿಸುಝುವಿಗೆ,

ನನ್ನ ಹಿಂದಿನ ಪತ್ರದಲ್ಲಿ ಒಂದು ವಾಕ್ಯ ತಪ್ಪಾಗಿತ್ತು. ನಿನ್ನ ತಾಯಿ ಹೃದಯದ ಮಾತ್ರೆಯನ್ನು ನುಂಗಲು ಮರೆಯುತ್ತಿದ್ದಾಳೆ ಎಂದು ಬರೆದಿದ್ದೆ. ದಯವಿಟ್ಟು ಅದನ್ನು ಹೊಡೆದುಹಾಕು. ಅವಳು ಒಂದು ದಿನವೂ ಮರೆತಿಲ್ಲ. ವಿವರಣೆಗೆ ಮುನ್ನ, ಕೇಳಬೇಕಾದದ್ದನ್ನು ಕೇಳುತ್ತೇನೆ: ಫುಕುಓಕಾದಲ್ಲಿ ಸೆಕೆ ಇಳಿಯಿತೇ? ಶಾಲೆಯ ಮಕ್ಕಳಿಗೆ ಯಾವ ಊಟ ಹಿತವೆಂದು ನಿರ್ಧರಿಸುವ ನೀನು ನಿನ್ನ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಷ್ಟೆ? ನಾನು ಕ್ಷೇಮ. ಮೊಣಕಾಲಿನ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ನಿನಗೆ ತಿಳಿದಂತೆ, ನಿನ್ನ ತಾಯಿಯ ಎದೆಬಡಿತ ತಾಳ ತಪ್ಪಿದಂದಿನಿಂದ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲೆಂದು ಡಾಕ್ಟರ್ ನೆಗಿಶಿ ಆ ಮಾತ್ರೆ ಕೊಡುತ್ತಿದ್ದಾರೆ. ಆದರೆ ಪ್ರತಿ ಪರೀಕ್ಷೆಯಲ್ಲೂ ರಕ್ತ ಮೊದಲಿನಷ್ಟೇ ಬೇಗ ಹೆಪ್ಪುಗಟ್ಟುತ್ತಿತ್ತು. ಮಾತ್ರೆಯ ಪ್ರಮಾಣ ಏರಿಸಿದರೂ ಫಲವಿರಲಿಲ್ಲ. ನಾಟ್ಟೊ ಮಾತ್ರ ತಿನ್ನಬಾರದೆಂದು ಅವರು ಮೊದಲ ದಿನವೇ ಹೇಳಿದ್ದರು. ಸೋಯಾ ಕಾಳನ್ನು ಹುಲ್ಲಿನಲ್ಲಿ ಕಟ್ಟಿ, ನೂಲೇಳುವಂತೆ ಹುಳಿಸಿ ನಾಟ್ಟೊ ಮಾಡಿ ಮಾರುವ ಮನೆಯಲ್ಲಿ ಹುಟ್ಟಿದವಳಿಗೆ ಅದು ಸಣ್ಣ ಮಾತಲ್ಲ. ಮೇಲಾಗಿ, ಮುಟ್ಟು ನಿಂತ ಮೇಲೆ ಹೆಂಗಸರ ರಕ್ತನಾಳಗಳಿಗೆ ಸೋಯಾದ ಸತ್ವ ಒಳ್ಳೆಯದೆಂದು ನೀನೇ ಅವಳಿಗೆ ಹೇಳಿದ್ದೆ. ಆದರೂ ಬಿಟ್ಟೆನೆಂದಳು. ಊಟದ ಮೇಜಿನಲ್ಲಿ ನಾಟ್ಟೊ ಕಾಣಲಿಲ್ಲವಾದ್ದರಿಂದ ನಾನೂ ನಂಬಿ, ಮಾತ್ರೆಯನ್ನೇ ಮರೆಯುತ್ತಿರಬೇಕು ಎಂದುಕೊಂಡೆ.

ಕಳೆದ ತಿಂಗಳು ಡಾಕ್ಟರು ಮಾತ್ರೆಯನ್ನು ಇನ್ನಷ್ಟು ಏರಿಸುವ ಮೊದಲು ಮತ್ತೊಮ್ಮೆ ಕೇಳಿದರು.

"ನಾಟ್ಟೊ ತಿಂದ್ರೇನಮ್ಮಾ? ಒಂಚೂರಾದ್ರೂ?"

"ನಮ್ಮಮ್ಮನಾಣೆಗೂ ಇಲ್ಲ."

"ಹಾಗಾದ್ರೆ ಬೆಳಿಗ್ಗೆ ಎದ್ದು ಏನೇನ್ ಮಾಡ್ತೀರಿ, ಒಂದೊಂದಾಗಿ ಹೇಳಿ."

"ಏನ್ ಮಾಡ್ತೀನಿ! ಅನ್ನ ಮಾಡ್ತೀನಿ. ಹಿರಿಯರ ಗೂಡಲ್ಲಿ ಅಮ್ಮನ ಫೋಟೋ ಮುಂದೆ ಅನ್ನ, ಚಹಾ, ನಾಟ್ಟೊ ಇಡ್ತೀನಿ. ಗಂಟೆ ಬಾರಿಸಿ ಕೈ ಮುಗೀತೀನಿ. ಆಮೇಲೆ ಇಳಿಸ್ತೀನಿ."

"ಇಳಿಸಿದ್ದು?"

"ಇಳಿಸಿದ್ದನ್ನ ಚೆಲ್ಲೋಕಾಗುತ್ತಾ? ಅಲ್ಲೇ ನಿಂತು ಬಾಯಿಗೆ ಹಾಕ್ಕೋತೀನಿ."

"ಅದು ನಾಟ್ಟೊ ಅಲ್ವೇನಮ್ಮಾ?"

"ಅದು ಅಮ್ಮನ ಪ್ರಸಾದ ಕಣ್ರೀ!"

ಡಾಕ್ಟರು ನಗಲಿಲ್ಲ, ಅದಕ್ಕಾಗಿ ನಾನು ಅವರಿಗೆ ಋಣಿ. ದೋಷ ಸೋಯಾದ್ದಲ್ಲ, ಸೋಯಾ ಹಾಲಿನ ಮೆತ್ತನೆಯ ತೋಫು, ಸೋಯಾ ಗೊಜ್ಜಿನ ಮಿಸೊ ಸಾರು ಧಾರಾಳವಾಗಿ ತಿನ್ನಬಹುದು ಎಂದರು. ಕಾಳು ಹುಳಿತು ನಾಟ್ಟೊ ಆಗುವಾಗ ಹುಟ್ಟುವ ಒಂದು ಜೀವಸತ್ವವು ಈ ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ, ಒಂದೇ ತುತ್ತಾದರೂ ಅದರ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ ಎಂದು ವಿವರಿಸಿ, ಏರಿಸಿದ್ದ ಮಾತ್ರೆಯನ್ನು ಹಿಂದಿನ ಪ್ರಮಾಣಕ್ಕೆ ತಂದರು. ಅಜ್ಜಿಗೂ ತೋಫು ಇಡಬಹುದಲ್ಲವೇ ಎಂದು ಅವರು ಕೇಳಿದ್ದಕ್ಕೆ ನಿನ್ನ ತಾಯಿಯಿಂದ ಸಿಕ್ಕ ಉತ್ತರ: "ತೋಫುನಾ? ಅದು ಹಲ್ಲಿಲ್ಲದವರ ಊಟ ಅಂತಿದ್ಲು ನಮ್ಮಮ್ಮ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕುಳಿತಳು. "ನಾನು ಬದುಕ್ಬೇಕು ಅಂತ ಅಮ್ಮನ್ನ ಉಪವಾಸ ಕೂರಿಸ್ಲಾ?" ಎಂದಳು. ಇಡುವುದನ್ನು ಬಿಡಲಾರಳು, ಇಳಿಸಿದ್ದನ್ನು ಚೆಲ್ಲಲಾರಳು, ತಿಂದರೆ ಉಳಿಯಲಾರಳು.

ಮರುದಿನ ಬೆಳಿಗ್ಗೆ ಗಂಟೆಯ ಸದ್ದು ಅಡಗಿದ ಮೇಲೆ ನಾನು ಎದ್ದು ಹೋಗಿ ಬಟ್ಟಲನ್ನು ಇಳಿಸಿಕೊಂಡೆ. ನಾಟ್ಟೊ ಒಗ್ಗದ ಒಸಾಕಾದಲ್ಲಿ ಹುಟ್ಟಿ, ಆ ವಾಸನೆಗೆ ಹೆದರಿ ಮದುವೆಯಾದಂದಿನಿಂದ ಮೇಜಿನ ಇನ್ನೊಂದು ತುದಿಯಲ್ಲಿ ಉಂಡವನು ನಾನೆಂಬುದು ನಿನಗೆ ಗೊತ್ತು.

"ಏನ್ ಮೇಷ್ಟ್ರೇ, ಒಸಾಕಾದ ಮೂಗನ್ನ ಎಲ್ಲಿಟ್ಟು ಬಂದ್ರಿ?"

"ನಿಮ್ಮಮ್ಮ ನನಗೂ ಅತ್ತೆ ಅಲ್ವೇ," ಎಂದೆ.

ಅವಳು ನಾಟ್ಟೊಗೆ ಕಲಸುವ ಸಾಸಿವೆ ಗೊಜ್ಜು ತಂದಿಟ್ಟಳು. ಅರ್ಧದವರೆಗೆ ಉಸಿರು ಬಿಗಿಹಿಡಿದು ತಿಂದೆ. "ನೂಲು ಗಡ್ಡಕ್ಕೆ ಅಂಟಿದೆ, ಒರೆಸ್ಕೊಳ್ಳಿ," ಎಂದಾಗ ಅವಳ ದನಿ ಮೊದಲಿನಂತಾಗಿತ್ತು. ಅಂದಿನಿಂದ ಆ ಬಟ್ಟಲು ನನ್ನದು. ಡಾಕ್ಟರಿಗೂ ತಿಳಿಸಿದ್ದೇನೆ. ಈ ವಾರದ ಪರೀಕ್ಷೆಯಲ್ಲಿ ಅಳತೆ ಮೊದಲ ಸಲ ಇರಬೇಕಾದಲ್ಲಿ ನಿಂತಿದೆ.

ನಿನ್ನ ಕೈಯಲ್ಲಿ ಉಂಡ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆಯಲಿ, ನೀನೂ ಸುಖವಾಗಿರು.

ನಿನ್ನ ತಂದೆ,
ಕೋಝೊ

ಮರೆತಿದ್ದೆ: ನೀನು ತಾಯಿಗೆಂದು ಕಳುಹಿಸಿದ ಸೋಯಾ ಸತ್ವದ ಮಾತ್ರೆಗಳನ್ನು ತಮ್ಮನ್ನು ಕೇಳದೆ ಕೊಡಬಾರದೆಂದು ಡಾಕ್ಟರ್ ಹೇಳಿದ್ದಾರೆ. ಮುಚ್ಚಳ ತೆರೆಯದ ಡಬ್ಬಿಗಳು ಅಜ್ಜಿಯ ಫೋಟೋ ಮುಂದೆಯೇ ಸಾಲಾಗಿ ಕುಳಿತಿವೆ. ಇಳಿಸಿದ್ದನ್ನು ತಿನ್ನುವ ಪಾಲು ಈಗ ನನ್ನದಾದರೂ, ಮುಟ್ಟು ನಿಂತವರ ಮಾತ್ರೆಯನ್ನು ನಾನು ನುಂಗಲಾರೆ. ನಿನ್ನ ಪೊಟ್ಟಣಗಳು ತಿಂಗಳು ತಿಂಗಳೂ ಬರುತ್ತವೆ, ನೀನು ಬರುವುದಿಲ್ಲ. ಈ ತಿಂಗಳ ಕೊನೆಗೆ, ಹಿರಿಯರ ಸಮಾಧಿಗೆ ಹೋಗುವ ದಿನಗಳಲ್ಲಿ ಬಾ. ಆ ಡಬ್ಬಿಗಳನ್ನು ತೆಗೆದುಬಿಡಲೇ ಎಂದು ನಿನ್ನ ತಾಯಿಯನ್ನು ಈಗಷ್ಟೇ ಕೇಳಿದೆ. "ಮುಟ್ಬೇಡಿ. ಇಟ್ಟಿರೋದು ಅವಳದ್ದು, ಅವಳೇ ಬಂದು ಇಳಿಸ್ಲಿ," ಎಂದಳು.

೫ ಸೆಪ್ಟೆಂಬರ್ ೨೦೧೪, ಬೆಳಿಗ್ಗೆ ೭ ಗಂಟೆ ೪೦ ನಿಮಿಷ