ಶನಿವಾರದ ಹೊಗೆ

ಮಾರ್ಚ್ ೩, ೧೯೫೮. ಸೋಮವಾರ

ಇವತ್ತೂ ಎಂಟೂವರೆ ಬಸ್ಸು. ಇವತ್ತೂ ಸೀಟಿಲ್ಲ. ಮಾದರಿ ಒಲೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಿದ್ದೆ. ಕಂಡಕ್ಟರ್ ಕೈಮುಗಿದು, "ಯಾವ ದೇವ್ರಮ್ಮ?" ಅಂದ. ಒಲೆ ಅಂದೆ. ನಂಬಲಿಲ್ಲ. ಮುಂದೆ ಕೂತವರೊಬ್ಬರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ನನಗಲ್ಲ, ಒಲೆಗೆ.

ದಟ್ಟಗಳ್ಳಿ ತಿರುವಿನಲ್ಲಿ ಇಳಿದು ಒಂದು ಮೈಲಿ ನಡಿಗೆ. ಗುಡಿ ಜಗಲಿಯ ಮೇಲೆ ಹೆಂಗಸರನ್ನು ಕೂಡಿಸಿ ಭಾಷಣ — ಹೊಗೆಯಿಲ್ಲದ ಒಲೆಯಿಂದ ಐದು ಲಾಭ. ಕಣ್ಣು, ಎದೆ, ಸೌದೆ, ಗೋಡೆ, ಸಮಯ. ಒಲೆಯ ಬೆನ್ನಿಗೆ ಮಣ್ಣಿನ ಕೊಳವೆ, ಕೊಳವೆ ಸೂರಿನಾಚೆ, ಹೊಗೆ ಆಕಾಶಕ್ಕೆ. ಒಂದೊಂದು ಲಾಭಕ್ಕೂ ಎಲ್ಲರೂ ತಲೆಯಾಡಿಸಿ "ಆಯ್ತು ಕಣವ್ವ" ಅಂದರು. ಯಾರು ಯಾರು ಕಟ್ಟುತ್ತೀರಿ ಅಂದೆ. ಹದಿನಾಲ್ಕು ಜನವೂ ಕೈಯೆತ್ತಿದರು. ಹಾಲು ಮೊಸರು ಮಾರುವ ಚಾಮುಂಡಮ್ಮ ಎರಡೂ ಕೈ ಎತ್ತಿದಳು. ಹದಿನೈದು ಅಂತ ಬರೆದುಕೊಂಡು ಆಮೇಲೆ ತಿದ್ದಿದೆ.

ಗ್ರಾಮಸೇವಿಕೆಯಾಗಿ ಎರಡೇ ತಿಂಗಳು. ಹದಿನಾಲ್ಕು ಒಲೆ! ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲೇ ಇಲ್ಲ.

ಸಂಜೆ ಅಪ್ಪ ಮತ್ತೆ ಅದೇ ಮಾತು. ಅರಮನೆ ಕಛೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು, ಎಲ್ಲಕ್ಕೂ ಒಂದು ವಾಯಿದೆ ಹಾಕುತ್ತಾರೆ. "ಜೂನ್ ಮುಗಿಯೋದ್ರೊಳಗೆ ಕೆಲಸ ಕನ್‌ಫರ್ಮ್ ಆದ್ರೆ ಸರಿ. ಇಲ್ದಿದ್ರೆ ಬಿಟ್ಬಿಡು, ಯಾದವಗಿರಿಯವರಿಗೆ ಬರಹೇಳ್ತೀನಿ. ಆಯ್ತಾ ವೇದಾ?" "ಆಯ್ತಪ್ಪ" ಅಂದೆ. ಹುಡುಗನ ಹೆಸರು ಸುಂದರೇಶ. ಫೋಟೋ ನೋಡಿದ್ದೇನೆ. ಹುಡುಗನಿಗಿಂತ ಹಿಂದಿರುವ ಕ್ರೋಟನ್ ಗಿಡ ಚೆನ್ನಾಗಿ ಬಂದಿದೆ. ಅವರ ಮನೆಯಲ್ಲಿ ಸೊಸೆ ಕೆಲಸಕ್ಕೆ ಹೋಗುವ ಹಾಗಿಲ್ಲವಂತೆ.

ಮಾರ್ಚ್ ೪

ಬಿ.ಡಿ.ಓ. ವೃಷಭೇಂದ್ರಪ್ಪನವರಿಗೆ ರಿಪೋರ್ಟ್ ಕೊಟ್ಟೆ. ಕನ್ನಡಕ ಮೇಲಕ್ಕೆ ತಳ್ಳಿ, "ಇದು ಒಪ್ಪಿಗೆ ಕಣಮ್ಮ. ನನಗೆ ಒಲೆ ಬೇಕು. ಜೂನ್ ಇಪ್ಪತ್ತಕ್ಕೆ ನಾನೇ ಬಂದು ಎಣಿಸ್ತೀನಿ. ಹತ್ತು ಇದ್ರೆ ಕನ್‌ಫರ್ಮ್" ಅಂದರು. ಹತ್ತೇನು ಸಾರ್, ಹದಿನಾಲ್ಕು ಅಂದೆ. ನಕ್ಕರು. ಯಾಕೋ ಆ ನಗು ಹಿಡಿಸಲಿಲ್ಲ.

ಮಾರ್ಚ್ ೨೦

ಮನೆಮನೆ ತಿರುಗಿದೆ. ಒಲೆ ಸೊನ್ನೆ.

ಸೊನ್ನೆ ಅಲ್ಲ, ಒಂದು. ಪ್ರೇಮಮ್ಮನ ಮನೆಯಲ್ಲಿ, ಹಿತ್ತಲಲ್ಲಿ. ಕೊಳವೆ ಸಮೇತ ಎಷ್ಟು ಅಂದವಾಗಿ ಕಟ್ಟಿದ್ದಾಳೆ! ಬಗ್ಗಿ ನೋಡಿದೆ. ಒಳಗೆ ಕೋಳಿ ಕಾವಿಗೆ ಕೂತಿದೆ. "ಬೆಕ್ಕಿನ ಕಾಟ ಇಲ್ಲ ಕಣವ್ವ, ಬೋ ಅನುಕೂಲ" ಅಂದಳು. ಆರನೇ ಲಾಭ.

ಮಿಕ್ಕವರು — "ನಾಳೆ ಕಟ್ತೀವಿ ಕಣವ್ವ." ಮಜ್ಜಿಗೆ ಕೊಟ್ಟರು. ಎಳನೀರು ಕೊಟ್ಟರು. ಬಿಸಿಲಲ್ಲಿ ಬಂದಿದೀರಿ ಅಂತ ಬೀಸಣಿಗೆ ಬೀಸಿದರು. ಒಲೆ ಮಾತ್ರ ಇಲ್ಲ.

ಏಪ್ರಿಲ್ ೨

ಟ್ರೈನಿಂಗಿನಲ್ಲಿ ಹೇಳಿದ್ದರು, ಭಾಷಣ ನಾಟದಿದ್ದರೆ ಹಾಡು. ಮೂರು ದಿನ ಕೂತು ಹೊಗೆಯಿಲ್ಲದ ಒಲೆಗೆ ಸೋಬಾನೆ ಧಾಟಿಯಲ್ಲಿ ಹಾಡು ಕಟ್ಟಿದೆ. ಒಂದೇ ಸಲಕ್ಕೆ ಕಲಿತರು. ನನಗಿಂತ ಚೆನ್ನಾಗಿ ಹಾಡಿದರು. ಮೊನ್ನೆ ಮರಿಸ್ವಾಮಿ ಮಗಳ ಮದುವೆಯಲ್ಲಿ ಹಸೆಗೆ ಕರೆಯುವಾಗ ಇದನ್ನೇ ಹಾಡಿದರಂತೆ, ಮದುಮಗಳು ಅತ್ತಳಂತೆ. ಒಲೆ — ಇಲ್ಲ.

ಜೂನ್ ಇಪ್ಪತ್ತಕ್ಕೆ ಎಪ್ಪತ್ತೊಂಬತ್ತು ದಿನ.

ಏಪ್ರಿಲ್ ೧೧. ಬೆಳಗ್ಗೆ ಆರೂವರೆ

ಮಾನ ಹೋಯಿತು.

ನಮಗೆ ಮಾಮೂಲಾಗಿ ಹಾಲು ಹಾಕುತ್ತಿದ್ದವಳು ಮಗಳ ಬಾಣಂತನಕ್ಕೆ ಹೋದಳು. ಬದಲಿಗೆ ಯಾರನ್ನೋ ಗೊತ್ತು ಮಾಡಿದ್ದಾಳೆ ಅಂತ ಅಮ್ಮ ನಿನ್ನೆ ಹೇಳಿದ್ದಳು, ಕಿವಿಗೆ ಹಾಕಿಕೊಂಡಿರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ — ಚಾಮುಂಡಮ್ಮ! ತಲೆಯ ಮೇಲೆ ಹಾಲಿನ ಗಡಿಗೆ.

"ಇದು ನಿಮ್ಮನೇನಾ ಅವ್ವಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೆಮ್ಮುತ್ತಾ ಹೊರಗೆ ಬಂದಳು. ಕಣ್ಣು ಕೆಂಪು. ಹಿಂದೆಯೇ ಹೊಗೆ, ಬಾಗಿಲ ತುಂಬ, ಕಾಗೆ ಹಾರಿಹೋಗುವಷ್ಟು. ಹಸಿ ಸೌದೆ ಬೇರೆ. ಚಾಮುಂಡಮ್ಮ ಹೊಗೆ ನೋಡಿದಳು. ನನ್ನನ್ನು ನೋಡಿದಳು. ಹಾಲು ಅಳೆದು ಹೊಯ್ದು, "ಆಯ್ತು ಕಣವ್ವ" ಅಂದು ಹೋದಳು.

ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಅಮ್ಮನನ್ನು ಕೇಳಿದೆ, ನಮ್ಮ ಮನೆಯಲ್ಲಿ ಒಂದು ಕಟ್ಟೋಣವೇ ಅಂತ. "ಆಗಲ್ಲ. ನಮ್ಮತ್ತೆ ಕೈಯಾರೆ ಹಾಕಿದ ಒಲೆ. ಸರ್ಕಾರದ ಒಲೆ ಮೇಲೆ ದೇವರ ನೈವೇದ್ಯ ಮಾಡಲ್ಲ ನಾನು. ಮಡಿಯಲ್ಲಿ ಅದನ್ನ ಕಟ್ಟೋರು ಯಾರು?"

ಹದಿನಾಲ್ಕು ಮನೆಗೆ ಹೇಳಿ ನಮ್ಮ ಮನೆಗೆ ಹೇಳಿರಲಿಲ್ಲ. ಯಾಕೆ ಅಂದರೆ ಅಮ್ಮ ಆಗಲ್ಲ ಅನ್ನುತ್ತಾಳೆ ಅಂತ ಗೊತ್ತಿತ್ತು. ಆದರೂ... ಮೂರು ತಿಂಗಳಲ್ಲಿ ಮೊದಲನೇ ಸಲ ಒಬ್ಬರು ನನಗೆ ಕಾರಣ ಕೊಟ್ಟರು! ಒಂದಲ್ಲ, ಮೂರು.

ಏಪ್ರಿಲ್ ೧೫

ಬಚ್ಚಲುಮನೆಯಲ್ಲಿದ್ದೆ. ಹೊರಗೆ ಅಮ್ಮ ಮತ್ತು ಚಾಮುಂಡಮ್ಮ ಮಾತು. ಇದ್ದದ್ದು ಇದ್ದ ಹಾಗೇ ಬರೆದಿಡುತ್ತೇನೆ.

"ನಮ್ಮ ಹುಡುಗಿ ಹೇಳೋ ಒಲೆ ಕಟ್ಟಿದ್ಯೇನಮ್ಮ ಚಾಮುಂಡಮ್ಮ?"

"ಇಲ್ಲ ಕಣ್ರಮ್ಮಾವ್ರೆ."

"ಯಾಕೆ?"

"ಒಲೆ ಮ್ಯಾಲ್ಗಡೆ ಅಟ್ಟದಲ್ಲಿ ಬಿತ್ತನೆ ಮಡಗಿರ್ತೀವಿ. ಅವರೆ, ಜೋಳ, ರಾಗಿ ತೆನೆ. ದಿನಾ ಹೊಗೆ ಕುಡುದ್ರೆ ಹುಳ ಮುಟ್ಟಾಕಿಲ್ಲ. ಹೊಗೇನೆಲ್ಲ ಆಚ್ಗೆ ಕಳುಸ್ಬುಟ್ರೆ ಬಿತ್ತನೆ ಕೆಟ್ಟೋಯ್ತದೆ. ಆಮೇಕೆ ಏನ ಬಿತ್ತದು?"

"ಅಯ್ಯೋ, ಅದನ್ನ ಅವಳಿಗೆ ಹೇಳ್ಬಾರ್ದಾ?"

"ಎಂಗೇಳದು? ಸರ್ಕಾರದೋರು. ಪಾಪ, ಮಗ ಬಿಸ್ಲಲ್ಲಿ ಆ ಒಲೆ ಹೊತ್ಕಂಡು ಬತ್ತದೆ. ಇಲ್ಲ ಅಂದ್ರೆ ಮಖ ಸಣ್ಣ ಮಾಡ್ಕತದೆ. ಅದ್ಕೇ ಆಯ್ತು ಅಂತೀವಿ."

ಎರಡು ನಿಮಿಷ. ಅಮ್ಮ ತಂಬಿಗೆ ಕೈಯಲ್ಲಿ ಹಿಡಿದು ನಿಂತೇ ತಿಳಿದುಕೊಂಡಳು. ನಾನು ಚಾರ್ಟು, ಹಾಡು, ಐದು ಲಾಭ... ಯಾಕೆ ಅಂತ ಒಂದು ಸಲ ಕೇಳಿರಲಿಲ್ಲ. ಹಂಡೆಯ ಪಕ್ಕ ಕೂತು ಅತ್ತೆ. ಅವಮಾನಕ್ಕೋ, ಅವರಿಗೆ ನನ್ನ ಮೇಲಿದ್ದ ಅಕ್ಕರೆಗೋ ತಿಳಿಯದು. ಎರಡಕ್ಕೂ ಇರಬೇಕು.

ಏಪ್ರಿಲ್ ೧೬

ನಾನೇ ಹೊರಗೆ ಹೋಗಿ ಕೂತೆ. ಬಚ್ಚಲಲ್ಲಿ ಕೇಳಿಸಿಕೊಂಡೆ ಅಂತ ಒಪ್ಪಿಕೊಂಡೆ. ಚಾಮುಂಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಿತ್ತನೆಗೆ ದಿನಾ ಹೊಗೆ ಬೇಕೇ ಅಂದೆ. ವಾರಕ್ಕೊಂದು ದಿನ ಚೆನ್ನಾಗಿ ಕುಡಿದರೆ ಸಾಕು ಅಂದಳು.

ಅಮ್ಮ ಒಳಗಿಂದ, "ನಾವು ಶನಿವಾರ ಒಪ್ಪತ್ತು ಮಾಡಲ್ವೇ? ಒಲೆಗೂ ಶನಿವಾರ ಒಂದು ನೇಮ ಇಟ್ರಾಯ್ತು."

ಕೊಳವೆ ಶುರುವಾಗುವಲ್ಲಿ ಒಂದು ಸೀಳು ಬಿಟ್ಟು ಅದರಲ್ಲಿ ಹೆಂಚಿನ ಚೂರು. ಶನಿವಾರ ಒಳಕ್ಕೆ ತಳ್ಳಿದರೆ ಕೊಳವೆ ಮುಚ್ಚಿ ಹೊಗೆ ಅಟ್ಟಕ್ಕೆ. ಮಿಕ್ಕ ದಿನ ಎಳೆದಿಟ್ಟರೆ ಆಚೆಗೆ. ಚಾಮುಂಡಮ್ಮ ನೆಲದ ಮೇಲೆ ಬೆರಳಲ್ಲೇ ಗೀರಿ ತೋರಿಸಿದಳು. ಯಾವ ಸರ್ಕ್ಯುಲರಿನಲ್ಲೂ ಇಲ್ಲ.

"ಮೊದ್ಲು ನೀವು ಕಟ್ಟಿ, ಆಮೇಕೆ ನಾವು" ಅಂದಳು. ನನಗಲ್ಲ, ಅಮ್ಮನಿಗೆ. ಅಮ್ಮ ಹಳೆಯ ಒಲೆಯ ಕಡೆ ತಿರುಗಿದಳು. ಆಮೇಲೆ ಮತ್ತೊಂದು ಸಲ ಕೆಮ್ಮಿ, "ಮಣ್ಣು ಯಾವ ಕಡೇದು ತರಬೇಕು?" ಅಂದಳು.

ಏಪ್ರಿಲ್ ೨೦. ಭಾನುವಾರ

ಮೈಯೆಲ್ಲ ಮಣ್ಣು. ಬರೆಯಲು ಕೈ ಬರುತ್ತಿಲ್ಲ, ಆದರೂ.

ಚಾಮುಂಡಮ್ಮ ಹಿತ್ತಲಲ್ಲಿ ಮಣ್ಣು ತುಳಿದು ಕಲಸುವುದು. ಅಡುಗೆಮನೆಯಲ್ಲಿ ಅಮ್ಮ ಕಟ್ಟುವುದು. ಅವಳು ಒಳಗೆ ಬರುವ ಹಾಗಿಲ್ಲ, ಇವಳು ಮಡಿ ಬಿಟ್ಟು ಹೊರಗೆ ಬರುವ ಹಾಗಿಲ್ಲ. ನಡುವೆ ನಾನು. "ನಾಕು ಬಟ್ಟು ದಪ್ಪ ಅನ್ನವ್ವ" — ಒಳಗೆ ಓಡು. "ಎಡಕ್ಕೋ ಬಲಕ್ಕೋ ಕೇಳೇ" — ಹೊರಗೆ ಓಡು. ಒಂದು ಹೊಸಲು ದಾಟುವ ಮಾತಿಗೆ ನಾನು ಟಪಾಲು. ಅಪ್ಪ ಹಜಾರದಲ್ಲಿ ಪೇಪರಿನ ಹಿಂದೆ. ಪೇಪರು ತಲೆಕೆಳಗಾಗಿತ್ತು.

ನಾಲ್ಕು ಗಂಟೆಗೆ ಪರೀಕ್ಷೆಗೆ ಬೆಂಕಿ ಹಚ್ಚಿದರೆ ಹಳೆಯ ಒಲೆಗಿಂತ ಎರಡರಷ್ಟು ಹೊಗೆ! ನಾನು ಹೇಳಿದ್ದು ಅವಳಿಗೆ ತಿಳಿಯದು, ಅವಳು ಹೇಳಿದ್ದು ಇವಳಿಗೆ ತಿಳಿಯದು. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಕೂಗಿದಳು, "ಚಾಮುಂಡಮ್ಮ, ನೀನೇ ಬಂದು ನೋಡು!"

ಚಾಮುಂಡಮ್ಮ ಹೊಸಲಿನ ಹತ್ತಿರ ನಿಂತಳು. "ಒಳಕ್ಕಾ?"

ಅಮ್ಮ ಹೊಸಲು ನೋಡಿದಳು, ಹೊಗೆ ನೋಡಿದಳು. ಹಜಾರದಲ್ಲಿ ಪೇಪರು ಸ್ವಲ್ಪ ಕೆಳಗಿಳಿಯಿತು.

"ಆಮೇಲೆ ಸಾರಿಸ್ಕೋತೀನಿ. ಬಾ."

ಕಾಲು ತೊಳೆದುಕೊಂಡು ಬಂದಳು. ಸೌದೆ ಈಚೆಗೆಳೆದು, ಕೊಳವೆಯ ಬುಡಕ್ಕೆ ಮೊಣಕೈವರೆಗೆ ಕೈಹಾಕಿ ಒಂದು ಹಿಡಿ ಮಣ್ಣು ಕಿತ್ತಳು. "ಗಂಟ್ಲಲ್ಲಿ ಸಿಕ್ಕಂಡಿತ್ತು." ಮತ್ತೆ ಉರಿ ಹಾಕಿದರೆ ಹೊಗೆ ಸರ್ರನೆ ಮೇಲೆ ಹೋಯಿತು. ಅಮ್ಮ ಹೊಸ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು, ಕಣ್ಣಲ್ಲಿ ನೀರಿಲ್ಲದೆ. ಇಬ್ಬರೂ ಒಂದೇ ಸಲ ನನ್ನನ್ನು ನೋಡಿ ನಕ್ಕರು — ಮೂಗಿನ ಮೇಲೆ ಮಸಿ ಇತ್ತಂತೆ.

ಆಮೇಲೆ ಸಾರಿಸಿದಳು, ಹೌದು. ಅದನ್ನೂ ಬರೆಯುತ್ತೇನೆ. ಆದರೆ ಹೊಸ ಒಲೆಯ ಮೊದಲ ಕಾಫಿ ಹಿತ್ತಲ ಕಟ್ಟೆಗೆ, ಚಾಮುಂಡಮ್ಮನಿಗೆ ಹೋಯಿತು.

ಮೇ ೨೯

ಹನ್ನೊಂದು! ಒಂದು ತಿಂಗಳು ಡೈರಿ ಮುಟ್ಟಲು ಪುರಸೊತ್ತಿಲ್ಲ. "ಅಗ್ರಾರದ ಅಮ್ಮಾವ್ರ ಮನೇಲೇ ಅದೆ" ಅಂತ ಚಾಮುಂಡಮ್ಮ ಹೇಳಿದಳಷ್ಟೆ. ನಾನು ಭಾಷಣ ಬಿಟ್ಟಿದ್ದೇನೆ. ಹೋಗಿ ಜಗಲಿ ಮೇಲೆ ಕೂತು, ಏನು ತೊಂದರೆ ಅಂತ ಕೇಳುತ್ತೇನೆ. ಯಾರೂ ಬಾಯಿ ಬಿಡದಿದ್ದರೆ ಕಡಲೆಕಾಯಿ ಸುಲಿಯುತ್ತೇನೆ. ಅರ್ಧ ಸೇರು ಸುಲಿಯುವಷ್ಟರಲ್ಲಿ ಹೇಳುತ್ತಾರೆ. ಪ್ರೇಮಮ್ಮ ಮಾತ್ರ ಕೋಳಿಗೆ ಹಿತ್ತಲದು ಬಿಟ್ಟು ಒಳಗೆ ಬೇರೆ ಕಟ್ಟಿದಳು.

ಜೂನ್ ೨೧. ಶನಿವಾರ

ನಿನ್ನೆ ಬರಬೇಕಾದ ವೃಷಭೇಂದ್ರಪ್ಪನವರು ಜೀಪು ಕೆಟ್ಟು ಇವತ್ತು ಬಂದರು. ಇವತ್ತು. ಶನಿವಾರ!

ಹನ್ನೊಂದು ಮನೆಯಲ್ಲೂ ಬಿತ್ತನೆಗೆ ಹೊಗೆ. ದೂರದಿಂದ ನೋಡಿದರೆ ಊರಿಗೇ ಬೆಂಕಿ ಬಿದ್ದ ಹಾಗೆ. ಸಾಹೇಬರು ಜೀಪಿನಿಂದ ಇಳಿದು ಕರ್ಚೀಫು ಮೂಗಿಗೆ ಹಿಡಿದು, "ಇದೇನಮ್ಮ ಹೊಗೆಯಿಲ್ಲದ ಒಲೆ?" ಅಂದರು. ವಿವರಿಸಲು ಹೋದೆ, ಕೆಮ್ಮು ಬಂತು. ಚಾಮುಂಡಮ್ಮನ ಮನೆಗೆ ನುಗ್ಗಿ ಹೆಂಚಿನ ಚೂರು ಕಂಡರು.

"ಇದು ನಕ್ಷೇಲಿಲ್ಲ. ಎಲ್ಲಾ ಮನೇಲೂ ಕಿತ್ತು, ಸೀಳು ಮುಚ್ಚಿಸಿ. ಇಲ್ದಿದ್ರೆ ಒಂದನ್ನೂ ಲೆಕ್ಕಕ್ಕೆ ಹಿಡಿಯಲ್ಲ. ಏನಮ್ಮ, ಆಯ್ತಾ?"

ಹೆಂಗಸರೆಲ್ಲ ಸೇರಿದ್ದರು. ಮುಗಿಯಿತು ಅಂದುಕೊಂಡೆ. ಹದಿನಾಲ್ಕು ಬಾಯಿಂದ "ಆಯ್ತು ಬುದ್ದಿ" ಬರುತ್ತದೆ, ನಾನು ಯಾದವಗಿರಿಗೆ ಹೋಗಿ ಕ್ರೋಟನ್‌ಗೆ ನೀರು ಹಾಕುತ್ತೇನೆ.

ಚಾಮುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಗಾಕಿಲ್ಲ ಬುದ್ದಿ."

ಸಾಹೇಬರು ಕರ್ಚೀಫು ಇಳಿಸಿದರು. ಆ ಊರಲ್ಲಿ ಸರ್ಕಾರಕ್ಕೆ ಯಾರೂ ಹಾಗೆ ಅಂದಿರಲಿಕ್ಕಿಲ್ಲ. "ಯಾಕೆ?" ಅಂದರು. ಸದ್ಯ, ಕೇಳಿದರು! ಅಷ್ಟೇ ಸಾಕಾಯಿತು. ಹದಿನಾಲ್ಕು ಜನವೂ ಒಟ್ಟಿಗೆ ಶುರು — ಹುಳ, ಅಟ್ಟ, ಅವರೆ, ಶನಿವಾರ, ಕೋಳಿ. ಒಬ್ಬಳು ಹುಳ ತಿಂದ ಜೋಳವನ್ನೇ ತಂದು ಅವರ ಅಂಗೈಗೆ ಸುರಿದಳು. ಮುಕ್ಕಾಲು ಗಂಟೆ ಜಗಲಿ ಮೇಲೆ ಕೂತು ಕೇಳಿದರು. ಮಜ್ಜಿಗೆ ಕುಡಿದರು. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು, ನನಗೆ ತೋರಿಸಲಿಲ್ಲ.

ಕೆಲಸ ಹೋದರೂ ಹೋಗಲಿ, ಆ "ಆಗಾಕಿಲ್ಲ" ಕೇಳಿದೆನಲ್ಲ.

ಜೂನ್ ೩೦

ಆರ್ಡರ್ ಬಂತು. ಕನ್‌ಫರ್ಮ್!! ಷರಾ: "ಒಲೆ ಹನ್ನೊಂದು. ವಾರಕ್ಕೆ ಆರು ದಿನ ಹೊಗೆಯಿಲ್ಲ." ಜೊತೆಗೆ ಕೈಬರಹದ ಚೀಟಿ — ಸಾಹೇಬರ ಮನೆಯವರಿಗೂ ಒಂದು ಬೇಕಂತೆ, ಹೆಂಚಿನ ಚೂರು ಸಮೇತ. ಅಮ್ಮ ಪಾಯಸ ಮಾಡಿದಳು. ಚಾಮುಂಡಮ್ಮ ಒಂದು ಕುಡಿತೆ ಬೆಣ್ಣೆ ತಂದಳು.

ಅಪ್ಪ ಆರ್ಡರ್ ಎರಡು ಸಲ ಓದಿ, ಮಡಿಸಿ, ಮೆಲ್ಲಗೆ ಅಂದರು: "ಯಾದವಗಿರಿಯವರಿಗೆ ಭಾನುವಾರ ಬನ್ನಿ ಅಂದ್ಬಿಟ್ಟಿದ್ದೀನಿ."

"ವಾಯಿದೆ ಇವತ್ತಿಗೆ ಅಲ್ವಾ ಅಪ್ಪ?"

"ಅವರೇ ಬರ್ತೀವಿ ಅಂದ್ರು. ದೊಡ್ಡ ಮನುಷ್ಯರು. ಬೇಡ ಅಂತ ಹೇಗೆ ಅನ್ನೋದು?"

ಅಪ್ಪನ ಮುಖ ನೋಡಿದೆ. ದಟ್ಟಗಳ್ಳಿಯ ಜಗಲಿಯ ಮೇಲೆ ಹದಿನಾಲ್ಕು ಸಲ ನೋಡಿದ ಮುಖ. ನನ್ನ ಮುಖವೂ ಅದೇ ಇದ್ದಿರಬೇಕು, ಯಾಕೆಂದರೆ ನಾನೂ "ಆಯ್ತಪ್ಪ" ಅಂದೆ.

ಜುಲೈ ೬. ಭಾನುವಾರ, ನಾಲ್ಕು ಗಂಟೆ

ಬಂದು ಕೂತಿದ್ದಾರೆ. ಹುಡುಗ, ಅವನ ತಾಯಿ, ತಂದೆ, ಒಬ್ಬ ಸೋದರಮಾವ. ಅಡುಗೆಮನೆಯ ಬಾಗಿಲ ಹಿಂದೆ ಕೂತು ಬರೆಯುತ್ತಿದ್ದೇನೆ. ಹೊಗೆಯಿಲ್ಲ, ಅಕ್ಷರ ಚೆನ್ನಾಗಿ ಕಾಣುತ್ತದೆ.

"ಮದುವೆ ಕಾರ್ತೀಕದಲ್ಲಿ ಇಟ್ಕೊಳ್ಳೋಣ" — ಅಪ್ಪ, "ಆಯ್ತು." "ಛತ್ರ ನಮ್ಮ ಕಡೇಲೇ" — "ಆಯ್ತು." "ಹುಡುಗಿ ಕೆಲಸ ಮುಂದಿನ ತಿಂಗಳೇ ಬಿಡಲಿ" — ಸ್ವಲ್ಪ ಕೆಮ್ಮಿ, "ಆಯ್ತು."

ಅಮ್ಮ ಕಾಫಿ ತಟ್ಟೆ ಎತ್ತಿಕೊಂಡು ನಿಂತಿದ್ದಾಳೆ. "ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ, ಅಂದೆ. ತಟ್ಟೆ ನನ್ನ ಕೈಗೆ ಕೊಡುತ್ತಿದ್ದಾಳೆ. ಹಜಾರದಲ್ಲಿ ಸೋದರಮಾವ ಇನ್ನೇನೋ ಶುರು ಮಾಡಿದರು, ಅಪ್ಪ ಆಗಲೇ ಬಾಯಿ ತೆರೆದಿರಬೇಕು. ಎದ್ದೆ. ಇನ್ನೊಂದು "ಆಯ್ತು" ಬೀಳುವುದರೊಳಗೆ —