ಅತ್ತೆ ಆಡಿದ ಕೊರಿಯಾದ ಆಟ

18 ಜನವರಿ 2026, ಭಾನುವಾರ

ಬೇಡ ಅಂದರೂ ಅತ್ತೆಯನ್ನು ಬಲವಂತವಾಗಿ ಹೊರಡಿಸಿದ್ದು ದಾರಿಯುದ್ದಕ್ಕೂ ಮನಸ್ಸನ್ನು ಕೊರೆಯುತ್ತಿತ್ತು. ಮಾವ ಹೋದ ಮೇಲೆ ಮೈಸೂರಿಂದ ಈ ತಮಿಳು ಊರಿಗೆ, ನಮ್ಮ ಮಾಂಬಲಂ ಮನೆಗೆ ಬಂದವರು ಕೊಟ್ಟಿದ್ದು ತಿಂದು ಸುಮ್ಮನೆ ಕೂತಿರುತ್ತಾರೆ. ಮಾತೇ ಇಲ್ಲ.

ನುಂಗಂಬಾಕ್ಕಂನಲ್ಲಿ ನಡೆದ ಏಷ್ಯಾ ದೇಶಗಳ ಹಬ್ಬದಲ್ಲಿ ಮಗಳು ಚಿನ್ಮಯಿ ಜಪಾನಿನವರ ಹತ್ತಿರ ಕಾಗದದ ಕೊಕ್ಕರೆ ಮಡಿಸುತ್ತ ಕೂತಳು. ತಿರುಗಿ ನೋಡಿದರೆ ಅತ್ತೆ ಇಲ್ಲ! ಗಾಬರಿಯಿಂದ ಹುಡುಕಿದೆ. ಕೊರಿಯಾದವರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಾಲ್ಕು ಮರದ ಕಡ್ಡಿ ಎಸೆಯುತ್ತಿದ್ದರು. ಎದುರಿಗೆ ಒಬ್ಬಳು ಕೊರಿಯಾದ ಹುಡುಗಿ.

“ಊರ್ಮಿಳಾ, ಇದು ನಮ್ಮ ಚೌಕಾಬಾರಾನೇ ಕಣೇ! ಕವಡೆ ಬದಲು ಕಡ್ಡಿ, ಅಷ್ಟೇ.”

ಹುಡುಗಿಯ ಕಾಯಿ ಹೊಡೆದು, “ನಡಿ, ಮನೆಗೆ ನಡಿ!” ಅಂತ ಕನ್ನಡದಲ್ಲೇ ಗದರಿದರು. ಅವಳು ತಲೆ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಗೋಳಾಡಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಕಣ್ಣು ತುಂಬಿತು.

ಚಿನ್ಮಯಿ ಓಡಿ ಬಂದು, “ಪಾಟ್ಟಿ, ನಾನುಂ ವಿಳೈಯಾಡಟ್ಟುಮಾ?” ಅಂತ ತಮಿಳಲ್ಲಿ ಕೇಳಿದಳು.

“ಕನ್ನಡದಲ್ಲಿ ಕೇಳು, ಸೇರಿಸ್ಕೊಳ್ತೀನಿ.”

“ಅಜ್ಜಿ, ನಾನೂ... ಆಡ್ಲಾ?”

ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ರಾತ್ರಿ ಊಟಕ್ಕೆ ಕೂತಾಗ, “ಸಾರಿಗೆ ಉಪ್ಪು ಕಮ್ಮಿ ಕಣೇ” ಅಂದರು. ಈ ಮನೆಯಲ್ಲಿ ಅವರು ತೆಗೆದ ಮೊದಲ ತಕರಾರು. ಖುಷಿಗೆ ಕೈ ನಿಲ್ಲದೆ ಉಪ್ಪು ಜಾಸ್ತಿಯೇ ಹಾಕಿಬಿಟ್ಟೆ. ಅದಕ್ಕೂ ಬೈದರು, ಪುಣ್ಯಾತ್ಗಿತ್ತಿ...