ಗೋಪುರದ ಎಲೆಗೆ ಉಳಿದ ಅಂಚು

ಮಂಗಳವಾರ, ಮಧ್ಯಾಹ್ನ

ಚೂಟಿಗೆ ಅಮ್ಮನ ಮುದ್ದು.

ಫೋನಿನಲ್ಲಿ ಕೇಳಿದರೆ ನಕ್ಕು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ಇದಕ್ಕೆ ನೀನು ಉತ್ತರ ಬರೆಯಲೇಬೇಕು.

ನನ್ನ ಹುಟ್ಟುಹಬ್ಬಕ್ಕೆಂದು, ನಾನು ಭವಿಷ್ಯ ನೋಡುವ ಟ್ಯಾರೋ ಎಲೆಗಳನ್ನೆಲ್ಲ ನಿನ್ನ ಫ್ರೇಮಿನಂಗಡಿಗೆ ಒಯ್ದು, ಸುತ್ತಲಿನ ಬಿಳಿ ಅಂಚು ಕತ್ತರಿಸಿ ತಂದುಕೊಟ್ಟೆಯಲ್ಲ, ಆ ದಿನ ನಾನು ಹಿಗ್ಗಿದ್ದು ನಿಜ. ಚಿತ್ರಗಳು ದೊಡ್ಡದಾಗಿ ಕಂಡವು, ಕಟ್ಟು ಕೈಗೆ ಸರಿಯಾಗಿ ಕೂತಿತು. ಈಗ ಯೋಚಿಸಿದರೆ, ಅಂಚು ಕತ್ತರಿಸು ಎಂದು ನಾನು ನಿನ್ನನ್ನು ಕೇಳಿಯೇ ಇರಲಿಲ್ಲ. ಕೇಳದೆ ಮಾಡಿದ ಉಪಕಾರವನ್ನು ಎರಡು ಸಲ ಮಗುಚಿ ನೋಡಬೇಕು ಎನ್ನುತ್ತಿದ್ದರು ನಿನ್ನ ಅಜ್ಜಿ.

ನನ್ನ ಹೊಲಿಗೆಯಂಗಡಿಯ ಎದುರಿನ ಗಡಿಯಾರ ರಿಪೇರಿಯವರು ನನ್ನನ್ನು ಮದುವೆಯಾಗು ಎಂದು ಕೇಳಿದ್ದು, ಅವರ ತಂಗಿಯ ಊರಿನಲ್ಲಿ ಇಬ್ಬರೂ ಸೇರಿ ಅಂಗಡಿ ಇಡೋಣ ಎಂದದ್ದು ನಿನಗೆ ಗೊತ್ತು. ಎಲೆ ಕೇಳಿ ಹೇಳುತ್ತೇನೆ ಎಂದಿದ್ದೆ. ಮೊದಲ ಸಲ ಸಿಡಿಲು ಬಡಿದ ಗೋಪುರ ಬಂತು, ಕಟ್ಟಿದ್ದೆಲ್ಲ ಕುಸಿಯುತ್ತದೆ ಎನ್ನುವ ಎಲೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ಅವರನ್ನೇ ಎದುರಿಗೆ ಕೂರಿಸಿಕೊಂಡು ಎತ್ತಿದೆ. ಅದೇ ಗೋಪುರ, ತಲೆಕೆಳಗಾಗಿ ಬೀಳುವ ಅದೇ ಇಬ್ಬರು. ಅವರು ಎಲೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಚೀಲ ಎತ್ತಿಕೊಂಡು ಹೋದರು. ಈ ಭಾನುವಾರ ಊರು ಬಿಡುತ್ತಿದ್ದಾರೆ.

ನಿನ್ನೆ ಒಂದು ಕೋಟಿನ ತೋಳು ಬಿಚ್ಚಿ ಹೊಲಿದು ಮುಗಿಸಿ, ಸುಮ್ಮನೆ ಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿದೆ. ಒಂದು ಎಲೆ ತಡೆಯಿತು. ತೆಗೆದು ನೋಡಿದರೆ ಗೋಪುರ. ಉಳಿದ ಎಲೆಗಳಲ್ಲಿ ಬಿಳಿ ಬಣ್ಣದ ಸುಳಿವೇ ಇಲ್ಲ, ಇದೊಂದಕ್ಕೆ ಮಾತ್ರ ಎರಡೂ ಬದಿಯಲ್ಲಿ ಕೂದಲೆಳೆಯಷ್ಟು ಅಂಚು ಉಳಿದಿದೆ. ನಾನು ಎಲೆ ಹರಡುವವಳಲ್ಲ. ಕಟ್ಟಿನ ಎರಡು ಬದಿ ಹಿಡಿದು ಎತ್ತಿ, ಕೈಗೆ ಬಂದ ಭಾಗದ ತಳದಲ್ಲಿರುವ ಎಲೆ ನೋಡುವವಳು. ಹಾಗೆ ಹಿಡಿದರೆ ಅಗಲವಾದ ಎಲೆಯೇ ಬೆರಳಿಗೆ ಸಿಕ್ಕಬೇಕು. ನನ್ನ ಈ ರೂಢಿ ನಿನಗೆ ಚಿಕ್ಕಂದಿನಿಂದ ಗೊತ್ತು.

ದಿನವಿಡೀ ಸ್ಟೀಲ್ ಪಟ್ಟಿ ಹಿಡಿದು ಗಾಜು, ರಟ್ಟು ಕೊಯ್ಯುವವಳ ಕೈ ಅದೊಂದೇ ಎಲೆಗೆ ತಪ್ಪುತ್ತದೆಯೇ? ನಿನಗೆ ಅವರನ್ನು ಕಂಡರಾಗದು. ಟಿಕ್‌ಟಿಕ್ ಎಂದು ಹೆಸರಿಟ್ಟೆ, ಸಕ್ಕರೆ ಬೇಕೆನ್ನುವವರಿಗೆ ಸಪ್ಪೆ ಚಹಾ ಕೊಟ್ಟೆ. ಅವರ ಮೇಲೂ ಒಂದು ಗಳಿಗೆ ಅನುಮಾನಪಟ್ಟೆ, ಅವರ ಬಳಿಯೂ ಸಣ್ಣ ಬ್ಲೇಡುಗಳಿವೆ. ಆದರೆ ಕೂತ ಕೊಂಬೆಯನ್ನು ಯಾರು ಕಡಿದುಕೊಳ್ಳುತ್ತಾರೆ? ಉಳಿದವಳು ನೀನೊಬ್ಬಳೇ.

ಬೇಕೆಂದೇ ಬಿಟ್ಟೆಯಾ, ಹೇಳು. ಕೋಪ ಮಾಡಿಕೊಳ್ಳುವುದಿಲ್ಲ.

ನಿನ್ನ
ಅಮ್ಮ

ಇನ್ನೊಂದು: ಅಂಚಿನ ವಿಷಯ ಅವರ ಕಿವಿಗೆ ಹಾಕಬೇಡ.


ಗುರುವಾರ, ಅಂಗಡಿಯಿಂದ

ಅಮ್ಮಾ,

ಕೋಪ ಮಾಡಿಕೊಳ್ಳುವುದಿಲ್ಲ ಎಂದು ನೀನು ಹೇಳಿದಾಗಲೆಲ್ಲ ನಾನು ಏಟು ತಿಂದಿದ್ದೇನೆ. ಆದರೂ ಹೇಳುತ್ತೇನೆ.

ಅಂಚು ಬಿಟ್ಟವಳು ನಾನೇ, ಆದರೆ ಬೇಕೆಂದು ಬಿಟ್ಟದ್ದಲ್ಲ. ಹೊಸ ಕತ್ತರಿಯನ್ನು ಮೊದಲು ಹಾಳಾದರೂ ಪರವಾಗಿಲ್ಲದ ಬಟ್ಟೆಯ ಮೇಲೆ ಆಡಿಸು ಎಂದು ಕಲಿಸಿದವಳು ನೀನು. ನಿನ್ನ ಎಲೆಗಳನ್ನು ಮುಂದಿಟ್ಟುಕೊಂಡಾಗ ಅದೇ ನೆನಪಾಯಿತು. ಹಾಳಾದರೆ ಕೆಟ್ಟ ಎಲೆಯೇ ಹಾಳಾಗಲಿ ಎಂದು ಗೋಪುರವನ್ನೇ ಹುಡುಕಿ ಮೊದಲು ಕೊಯ್ದೆ. ಚಿತ್ರಕ್ಕೆ ಬ್ಲೇಡು ತಾಗೀತೆಂಬ ಭಯಕ್ಕೆ ಕೂದಲೆಳೆಯಷ್ಟು ಹೊರಗೇ ಎಳೆದೆ. ಆಮೇಲೆ ಧೈರ್ಯ ಬಂತು, ಉಳಿದವು ಸರಿಯಾಗಿ ಬಂದವು. ಗೋಪುರವನ್ನು ತಿದ್ದಲು ಹೋಗಲಿಲ್ಲ. ಅಷ್ಟು ಸಣ್ಣ ಎಳೆ ಕೊಯ್ಯಲು ಬರುವುದಿಲ್ಲ, ಹರಿದುಬಿಡುತ್ತದೆ.

ಅವರನ್ನು ಕಂಡರೆ ನನಗಾಗದು, ಅದು ನಿಜ. ಚಹಾ ಸೊರ್ ಎಂದು ಹೀರುತ್ತಾರೆ. ನಮ್ಮ ಮನೆಗೆ ಬಂದು ನಮ್ಮ ಗೋಡೆಯ ಗಡಿಯಾರಕ್ಕೇ ಕೈ ಹಾಕುತ್ತಾರೆ. ನೀನು ಅವರ ಜೊತೆ ಹೊರಟರೆ ರಜೆ ಸಿಕ್ಕಾಗ ನಾನು ಯಾರ ಮನೆಗೆ ಹೋಗಲಿ ಎಂದು ಹೊಟ್ಟೆ ಉರಿಯುತ್ತದೆ. ಅದಕ್ಕೆ ನಿನ್ನ ಜೊತೆ ಮುಖಾಮುಖಿ ಜಗಳ ಆಡುತ್ತೇನೆಯೇ ಹೊರತು ಕಾಗದದ ಎಲೆಯನ್ನು ಮುಂದೆ ಬಿಡುವುದಿಲ್ಲ.

ಈಗ ನನ್ನ ಅನುಮಾನ ಕೇಳು. ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೇ ಅವನ ಒಂದು ತೋಳು ನೂಲೆಳೆಯಷ್ಟು ಉದ್ದವಾಗಿದೆ ಎನ್ನುವವಳು ನೀನು. ಈ ಕಟ್ಟು ತಿಂಗಳುಗಟ್ಟಲೆಯಿಂದ ನಿನ್ನ ಕೈಯಲ್ಲಿದೆ. ಮೂರು ಸಲ ಒಂದೇ ಎಲೆ ಬಂದಿದೆ. ಅಂಚು ಬೆರಳಿಗೆ ತಡೆದದ್ದು ನಿನ್ನೆ ಮೊನ್ನೆ ಎಂದರೆ ನಾನು ನಂಬಬೇಕೇ? ಇರಲಿ, ಈಗಲೇ ಗೊತ್ತಾಯಿತು ಎಂದಿಟ್ಟುಕೊಳ್ಳೋಣ. ಅವರ ಅಂಗಡಿ ನಿನ್ನ ಕಿಟಕಿಯ ಎದುರಿಗಿದೆ. ರಸ್ತೆ ದಾಟಿ ಹೇಳುವುದು ಬಿಟ್ಟು, ಎರಡು ದಿನ ಹಿಡಿಯುವ ಕಾಗದ ನನಗೆ ಬರೆದೆಯಲ್ಲ, ಅವರು ಹೊರಡುವ ದಿನ ಹತ್ತಿರ ಬರಲಿ ಎಂದಲ್ಲವೇ?

ಅಪ್ಪ ಹೋದ ಮೇಲೆ ಒಬ್ಬಳೇ ಕಟ್ಟಿಕೊಂಡ ಬದುಕು ನಿನ್ನದು. ಬಿಟ್ಟು ಹೋಗಲು ನಿನಗೆ ಹೆದರಿಕೆ. ಹೆದರಿಕೆ ತಪ್ಪಲ್ಲ ಅಮ್ಮಾ, ನಿನ್ನ ಬಗ್ಗೆ ನನಗೆ ಕೋಪವೂ ಇಲ್ಲ. ಆದರೆ ಅದನ್ನು ನನ್ನ ಬ್ಲೇಡಿನ ತಲೆಗೆ ಕಟ್ಟಬೇಡ.

ನಿನ್ನ
ಚೂಟಿ

ಮರೆತಿದ್ದೆ: ನೀನು ಬೇಡವೆಂದಿದ್ದೆ, ಆದರೂ ನಾನು ಅವರಿಗೆ ಫೋನ್ ಮಾಡಿದೆ. ಅಂಚಿನ ವಿಷಯ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎದುರಿಗೆ ಕೂತ ದಿನವೇ ಬಿಳಿ ಗೆರೆ ಕಂಡಿತ್ತಂತೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ರೇಗಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನನಗೆ ಕಂಡಿದ್ದು ನಿಮ್ಮಮ್ಮನಿಗೆ ಕಾಣದೆ ಇರುತ್ತಾ ಮಗಾ? ಬೇಡ ಅನ್ನೋಕೆ ಅವಳಿಗೊಂದು ನೆಪ ಬೇಕಿತ್ತು. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ ಅಂತ ಸುಮ್ನಿದ್ದೆ.”